ಎಸ್ಸೆಸ್ಸೆಲ್ಸಿ ನಪಾಸಾದ ನಾನು 35 ವರ್ಷದ ಮೇಲೆ ಸ್ನೇಹ ಸಮ್ಮಿಲನಕ್ಕೆ ಹೋಗಲೇ?

ಪ್ರಶ್ನೆ: ನನಗೀಗ 51 ವರ್ಷ. ಹುಟ್ಟಿ ಬೆಳೆದದ್ದು ಹಳೇ ಬಾಗಲಕೋಟೆಯಲ್ಲಿ. ಈಗ ವಿಜಯಪುರದಲ್ಲಿ ಸಣ್ಣ ಹೊಲಿಗೆ ಅಂಗಡಿ ನಡೆಸುತ್ತಿದ್ದೇನೆ. ಇಬ್ಬರು ಹುಡುಗಿಯರು ನನ್ನ ಹತ್ತಿರ ಕೆಲಸಕ್ಕಿದ್ದಾರೆ. 1990ರಲ್ಲಿ ಎಸ್ಸೆಸ್ಸೆಲ್ಸಿ ಬರೆದು ಗಣಿತದಲ್ಲಿ ನಪಾಸಾದೆ. ಮತ್ತೆ ಕಟ್ಟಲಿಲ್ಲ. ಈಗ 35 ವರ್ಷವಾಯಿತೆಂದು ನಮ್ಮ ಬ್ಯಾಚಿನವರು ಹೊಸ ಬಾಗಲಕೋಟೆಯ ನವನಗರದಲ್ಲಿ ಗುರುವಂದನೆ ಮತ್ತು ಸ್ನೇಹ ಸಮ್ಮಿಲನ ಇಟ್ಟುಕೊಂಡಿದ್ದಾರೆ. ಯಾರೋ ನನ್ನ ನಂಬರ್ ಹುಡುಕಿ ವಾಟ್ಸಾಪ್ ಗ್ರೂಪಿಗೆ ಸೇರಿಸಿದರು. ಅಲ್ಲಿ ನೋಡಿದರೆ ಎಲ್ಲರೂ ಇಂಜಿನಿಯರ್, ಡಾಕ್ಟರ್, ಬ್ಯಾಂಕ್ ಮ್ಯಾನೇಜರ್. ಹಳೇ ಗ್ರೂಪ್ ಫೋಟೋ ಹಾಕಿ ಒಬ್ಬೊಬ್ಬರನ್ನೇ ಗುರುತಿಸುತ್ತಿದ್ದಾರೆ. ಆ ದಿನ ನಾನು ಜ್ವರ ಬಂದು ಮಲಗಿದ್ದೆ, ಫೋಟೋದಲ್ಲೇ ಇಲ್ಲ. ಗಣಿತದ ಸರ್ ಕೂಡ ಬರುತ್ತಾರಂತೆ, ಅವರೆದುರು ಹೇಗೆ ನಿಲ್ಲಲಿ? ಇನ್ನೊಂದು ವಿಷಯ ಯಾರಿಗೂ ಹೇಳಿಲ್ಲ. ಒಂದೇ ಬೆಂಚಿನಲ್ಲಿ ಕೂರುತ್ತಿದ್ದ ನನ್ನ ಗೆಳತಿ ಪಾಸಾದಳು. ರಿಸಲ್ಟ್ ಬಂದ ಮೇಲೆ ಎರಡು ಸಲ ಮನೆಗೆ ಬಂದಳು. ನಾನು ಒಳಗೇ ಇದ್ದು, 'ಮನ್ಯಾಗಿಲ್ಲ' ಅಂತ ಹೇಳಿಸಿದೆ. ಆಮೇಲೆ ಮಾತೇ ಇಲ್ಲ. ಅವಳೂ ಗ್ರೂಪಿನಲ್ಲಿದ್ದಾಳೆ. ಹೋಗಬೇಕೋ ಬೇಡವೋ ತಿಳಿಯುತ್ತಿಲ್ಲ.

ಓದುಗರು, ವಿಜಯಪುರ

ಆಪ್ತ ಸಮಾಲೋಚಕರ ಉತ್ತರ:

ಹೋಗಿ. ಆದರೆ ಕಾರ್ಯಕ್ರಮದ ದಿನಕ್ಕೆ ಕಾಯಬೇಡಿ, ಅದಕ್ಕೂ ಮೊದಲೇ ಆ ಗೆಳತಿಯ ಜೊತೆ ಮಾತಾಡಿ.

ನಿಮ್ಮ ಪತ್ರದಲ್ಲಿ ಎರಡು ಬೇರೆ ಬೇರೆ ನೋವುಗಳಿವೆ. ನಪಾಸಾದ ನಾಚಿಕೆ ಒಂದು. ಮನೆ ಬಾಗಿಲಿಗೆ ಬಂದವಳನ್ನು ವಾಪಸ್ ಕಳಿಸಿದ ಸಂಕಟ ಇನ್ನೊಂದು. ಇಷ್ಟು ವರ್ಷ ಎರಡನ್ನೂ ಒಂದೇ ಗಂಟು ಕಟ್ಟಿ ಇಟ್ಟುಕೊಂಡಿದ್ದೀರಿ. ಬಿಚ್ಚಿ ನೋಡಿದರೆ ಮೊದಲನೆಯದು ನಿಮ್ಮೊಬ್ಬರ ಮನಸ್ಸಿನಲ್ಲಿ ಮಾತ್ರ ದೊಡ್ಡದಾಗಿದೆ. ಎರಡನೆಯದು ಮಾತ್ರ ನಿಜಕ್ಕೂ ಬಾಕಿ ಉಳಿದಿರುವ ಕೆಲಸ.

ಮೊದಲು ಅಂಕದ ಮಾತು ಮುಗಿಸಿಬಿಡೋಣ. ಹ್ಯಾರಿ ಬಾರಿಕ್ ಎಂಬ ಅಮೆರಿಕದ ಮನಃಶಾಸ್ತ್ರಜ್ಞರು ಶಾಲೆಯ ನೆನಪುಗಳ ಮೇಲೆ ಬಹಳ ವರ್ಷ ಕೆಲಸ ಮಾಡಿದವರು. ಅವರೂ ಅವರ ಜೊತೆಗಾರರೂ 99 ಕಾಲೇಜು ವಿದ್ಯಾರ್ಥಿಗಳಿಗೆ ತಮ್ಮ ಹೈಸ್ಕೂಲಿನ ಗ್ರೇಡ್‌ಗಳನ್ನು ನೆನಪಿಸಿಕೊಂಡು ಹೇಳಲು ಕೇಳಿದರು. ಆಮೇಲೆ ಶಾಲೆಯ ದಾಖಲೆ ತೆಗೆದು ತಾಳೆ ನೋಡಿದರು. 'ಎ' ಬಂದದ್ದನ್ನು ಶೇಕಡಾ 89ರಷ್ಟು ಸಲ ಸರಿಯಾಗಿ ಹೇಳಿದ್ದರು. 'ಡಿ' ಬಂದದ್ದನ್ನು ಸರಿಯಾಗಿ ಹೇಳಿದ್ದು ಶೇಕಡಾ 29ರಷ್ಟು ಸಲ ಮಾತ್ರ. ತಪ್ಪು ಹೇಳಿದವರೆಲ್ಲ ಬಹುಪಾಲು ಜಾಸ್ತಿಯೇ ಹೇಳಿದ್ದರು. ಇದು 1996ರಲ್ಲಿ ಪ್ರಕಟವಾಯಿತು. ಅವರು ಸುಳ್ಳು ಹೇಳಿದರು ಅಂತ ಅಲ್ಲ. ಮನಸ್ಸು ತಾನಾಗಿಯೇ ಹಾಗೆ ತಿದ್ದಿಕೊಳ್ಳುತ್ತದೆ. ಶಾಲೆ ಬಿಟ್ಟು ಕೆಲವೇ ವರ್ಷವಾದ ಹುಡುಗರಿಗೆ ತಮ್ಮದೇ ಕಡಿಮೆ ಅಂಕ ನೆಟ್ಟಗೆ ನೆನಪಿರಲಿಲ್ಲ. ಹಾಗಿದ್ದಮೇಲೆ 35 ವರ್ಷದ ಹಿಂದೆ ನಿಮ್ಮ ಗಣಿತ ಏನಾಯಿತು ಅಂತ ಯಾರು ಲೆಕ್ಕ ಇಟ್ಟಿರುತ್ತಾರೆ ಹೇಳಿ? ಆ ಗ್ರೂಪಿನಲ್ಲಿ ನಿಮ್ಮ ಹಾಗೆಯೇ ನಪಾಸಾಗಿ, ಅಕ್ಟೋಬರ್‌ನಲ್ಲಿ ಮತ್ತೆ ಕಟ್ಟಿ ಪಾಸಾದವರೂ ಇರಬಹುದು. ಈಗ ಅವರನ್ನು ಕೇಳಿದರೆ 'ಫಸ್ಟ್ ಕ್ಲಾಸ್ ಇತ್ತು' ಅಂದಾರು, ಮನಸ್ಸಿನಿಂದಲೇ ನಂಬಿ.

ಎಲ್ಲರ ಕಣ್ಣೂ ನನ್ನ ಮೇಲೇ ಇರುತ್ತದೆ ಎಂಬ ಭಯದ ಬಗ್ಗೆಯೂ ಒಂದು ಪ್ರಯೋಗವಿದೆ. ಕಾಲೇಜು ಹುಡುಗರಿಗೆ ಮುಜುಗರ ತರುವಂಥ ಟೀ ಶರ್ಟ್ ಹಾಕಿಸಿ, ಜನ ತುಂಬಿದ ಕೋಣೆಗೆ ಕಳಿಸಿದರು. ಅರ್ಧದಷ್ಟು ಜನ ನನ್ನ ಶರ್ಟ್ ಗಮನಿಸಿರುತ್ತಾರೆ ಅಂತ ಅವರ ಅಂದಾಜು. ನಿಜವಾಗಿ ಗಮನಿಸಿದವರು ಕಾಲು ಭಾಗದಷ್ಟು. ನವನಗರದ ಆ ಹಾಲ್‌ನಲ್ಲಿ ಒಬ್ಬರಿಗೆ ಉದುರಿದ ಕೂದಲಿನ ಚಿಂತೆ, ಒಬ್ಬರಿಗೆ ದಪ್ಪಗಾದ ಚಿಂತೆ, ಇನ್ನೊಬ್ಬರಿಗೆ ಮಗನಿಗೆ ಕೆಲಸ ಸಿಗದ ಚಿಂತೆ. ಸಮ್ಮಿಲನ ಮುಗಿದ ಮೇಲೆ ಮನಸ್ಸು ಭಾರ ಮಾಡಿಕೊಂಡು ನನ್ನ ಹತ್ತಿರ ಬಂದವರಲ್ಲಿ ದೊಡ್ಡ ಹುದ್ದೆಯವರೂ ಇದ್ದಾರೆ. ಯಾರ ಬದುಕು ಎಷ್ಟು ನೆಟ್ಟಗಿದೆ ಅನ್ನುವುದು ವಾಟ್ಸಾಪ್ ಡಿಪಿಯಲ್ಲಿ ಕಾಣುವುದಿಲ್ಲ.

ಈಗ ಆ ಫೋಟೋ. ನಿಮಗೆ ಜಾಸ್ತಿ ಚುಚ್ಚಿದ್ದು ಅದೇ ಅಂತ ನನಗನಿಸಿತು. ಆ ಕಾಲದ ಗ್ರೂಪ್ ಫೋಟೋ ಹೇಗಿರುತ್ತಿತ್ತು, ನೆನಪು ಮಾಡಿಕೊಳ್ಳಿ. ನಡುವೆ ಕುರ್ಚಿ ಹಾಕಿ ಹೆಡ್ ಮಾಸ್ತರರು, ಸರ್‌ಗಳು, ಅಕ್ಕೋರು. ಅವರ ಕಾಲ ಬಳಿ ಜಮಖಾನೆ ಮೇಲೆ ಒಂದು ಸಾಲು. ಹಿಂದೆ ಬೆಂಚು ಹತ್ತಿ ನಿಂತ ಉದ್ದ ಹುಡುಗರು. ಕೆಳಗೆ ದಪ್ಪ ರಟ್ಟಿನ ಮೇಲೆ 'ಕುಳಿತವರು', 'ನಿಂತವರು' ಅಂತ ಬರೆದ ಹೆಸರುಗಳು. ಆ ಫೋಟೋದಲ್ಲಿ ಇರುವುದು ಒಂದು ದಿನದ ಹಾಜರಿ ಮಾತ್ರ. ಜ್ವರ ಬಂದವರು ಅದರಲ್ಲಿಲ್ಲ. ಸುಗ್ಗಿಗೆ ಹೊಲಕ್ಕೆ ಹೋದವರಿಲ್ಲ. ಒಂಬತ್ತನೇ ಇಯತ್ತೆಯಲ್ಲೇ ಶಾಲೆ ಬಿಟ್ಟವರಿಲ್ಲ. ಫೋಟೋಕ್ಕೆ ದುಡ್ಡು ಕೊಡಲಾಗದೆ ಹಿಂದೆ ಸರಿದು ನಿಂತವರೂ ಇರುತ್ತಿದ್ದರು.

ಗ್ರೂಪಿನಲ್ಲಿ ಯಾರೂ ನಿಮ್ಮ ಹೆಸರು ಎತ್ತಲಿಲ್ಲ ಅಂದರೆ ಮರೆತರು ಅಂತ ತಿಳಿಯಬೇಡಿ. ಇದೇ ಬಾರಿಕ್ ತಂಡ 1975ರಲ್ಲಿ 392 ಜನರನ್ನು ಪರೀಕ್ಷಿಸಿತ್ತು. ಅವರಲ್ಲಿ 17 ವರ್ಷದವರಿಂದ 74 ವರ್ಷದವರೆಗೂ ಇದ್ದರು. ಸಹಪಾಠಿಗಳ ಹೆಸರನ್ನು ಸುಮ್ನೆ ನೆನಪಿನಿಂದ ಹೇಳಿ ಎಂದರೆ ಜನ ತಡಕಾಡಿದರು. ಆದರೆ ಹಳೆಯ ಫೋಟೋಗಳನ್ನು ಅಪರಿಚಿತರ ಫೋಟೋಗಳ ಜೊತೆ ಕಲಸಿ ಮುಂದಿಟ್ಟಾಗ, ಸುಮಾರು 35 ವರ್ಷದ ಮೇಲೂ ಶೇಕಡಾ 90ರಷ್ಟು ಮುಖಗಳನ್ನು ಗುರುತು ಹಿಡಿದರು. ನೆನಪು ಒಳಗೇ ಇರುತ್ತದೆ, ಅದನ್ನು ಎಬ್ಬಿಸಲು ಏನಾದರೂ ಬೇಕು. ಗ್ರೂಪಿನಲ್ಲಿ ಅವರ ಕಣ್ಣೆದುರು ಇರುವುದು ಆ ಒಂದೇ ಫೋಟೋ. ಅದರಲ್ಲಿ ನೀವಿಲ್ಲ, ಹಾಗಾಗಿ ನಿಮ್ಮ ಹೆಸರು ಬರಲಿಲ್ಲ. ನೀವೇ ಎದುರು ಹೋಗಿ ನಿಂತರೆ ಬರುತ್ತದೆ. ಮುಖ ಬದಲಾಗಿರುತ್ತದೆ ನಿಜ, ಅದಕ್ಕೇ ತವರಿನ ಹೆಸರು ಹೇಳಿ, ಯಾವ ಓಣಿ ಅಂತ ಹೇಳಿ, ಯಾರ ಪಕ್ಕ ಕೂರುತ್ತಿದ್ದಿರಿ ಅಂತ ಹೇಳಿ.

ತವರಿನ ಹೆಸರು ಅಂದಾಗ ಇನ್ನೊಂದು ಮಾತು ಹೇಳಲೇಬೇಕು. ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ಮದುವೆಯಲ್ಲಿ ಹುಡುಗಿಯ ಹೆಸರನ್ನೇ ಬದಲಿಸುತ್ತಿದ್ದರು. ಅಡ್ಡಹೆಸರು ಹೇಗೂ ಬದಲಾಗುತ್ತಿತ್ತು. ಶಾಲೆಯ ಹಾಜರಿ ಪುಸ್ತಕದಲ್ಲಿ ಇದ್ದ ಹುಡುಗಿ ಆಧಾರ್ ಕಾರ್ಡಿನಲ್ಲಿ ಬೇರೆಯೇ ಹೆಂಗಸು. ಫೇಸ್‌ಬುಕ್‌ನಲ್ಲಿ ಹುಡುಕಿದರೆ ಸಿಗುವುದಿಲ್ಲ. ಕೆಲವರ ಕೈಯಲ್ಲಿ ಸ್ವಂತ ಫೋನ್ ಕೂಡ ಇರುವುದಿಲ್ಲ, ನಂಬರ್ ಗಂಡನದೋ ಮಗನದೋ ಆಗಿರುತ್ತದೆ. ಅದಕ್ಕೇ ಇಂಥ ಗ್ರೂಪುಗಳಲ್ಲಿ ಗಂಡಸರು ಎಪ್ಪತ್ತು ಜನ ಇದ್ದರೆ ಹೆಂಗಸರು ಹತ್ತು ಹದಿನೈದು. ಯಾರೋ ನಿಮ್ಮ ನಂಬರ್ ಹುಡುಕಿದರು ಅಂತ ಒಂದೇ ಸಾಲಿನಲ್ಲಿ ಬರೆದಿದ್ದೀರಿ. ಆ ಒಂದು ನಂಬರಿಗೆ ಯಾರೋ ನಾಲ್ಕು ಮನೆಗೆ ಫೋನ್ ಮಾಡಿರಬೇಕು, ನಿಮ್ಮ ತಮ್ಮನನ್ನೋ ಹಳೇ ಓಣಿಯವರನ್ನೋ ವಿಚಾರಿಸಿರಬೇಕು. ಬೇಡವಾದವರನ್ನು ಯಾರೂ ಅಷ್ಟು ಹುಡುಕುವುದಿಲ್ಲ, ಅಲ್ವಾ? ಹುಡುಕಿದವರು ಯಾರು ಅಂತ ಅಡ್ಮಿನ್‌ನನ್ನು ಕೇಳಿ ನೋಡಿ. ಆ ಗೆಳತಿಯೇ ಇದ್ದರೂ ಇರಬಹುದು.

ಇನ್ನು ನಿಮ್ಮ ಊರಿನ ವಿಷಯ. ಬೇರೆ ಊರಿನವರು ಶಾಲೆಯ ದಿನಗಳನ್ನು ನೆನೆಯಬೇಕೆಂದರೆ ಆ ಓಣಿಯಲ್ಲಿ ಒಂದು ಸುತ್ತು ಹಾಕಿದರೆ ಸಾಕು. ನಿಮ್ಮ ಬ್ಯಾಚಿಗೆ ಆ ಭಾಗ್ಯ ಪೂರ್ತಿ ಇಲ್ಲ. ನೀವು ಪರೀಕ್ಷೆ ಬರೆದಾಗ ಬಾಗಲಕೋಟೆ ಬಿಜಾಪುರ ಜಿಲ್ಲೆಯ ಒಂದು ತಾಲ್ಲೂಕು. 1997ರಲ್ಲಿ ಅದು ಜಿಲ್ಲೆಯಾಯಿತು. ಅಷ್ಟರಲ್ಲಿ ಆಲಮಟ್ಟಿ ಅಣೆಕಟ್ಟಿನ ಹಿನ್ನೀರಿಗೆ ಊರು ಖಾಲಿ ಮಾಡುವ ಕೆಲಸವೂ ನಡೆದಿತ್ತು. ಜಲಾಶಯದ ಮಟ್ಟ 519.6 ಮೀಟರ್‌ಗೆ ನಿಂತಾಗ ಹಳೇ ಊರಿನ ಎಷ್ಟೋ ಮನೆ, ಅಂಗಡಿ, ಕಟ್ಟೆಗಳು ಹೋದವು. ಜನ ನವನಗರದ ಸೆಕ್ಟರ್‌ಗಳಿಗೆ ಹಂಚಿಹೋದರು. ಓಣಿಯ ಹೆಸರು ಹೇಳುತ್ತಿದ್ದವರು ಸೆಕ್ಟರ್ ನಂಬರ್ ಹೇಳುವಂತಾಯಿತು. ಈಗ ಮಟ್ಟವನ್ನು 524.256 ಮೀಟರ್‌ಗೆ ಏರಿಸುವ ಯೋಜನೆ ಇರುವುದರಿಂದ, ಉಳಿದ ಭಾಗದವರಿಗೂ ಅದೇ ಚಿಂತೆ. ಜಾಗ ಹೋದಾಗ ನೆನಪನ್ನು ಎಬ್ಬಿಸುವ ಗುರುತುಗಳೂ ಹೋಗುತ್ತವೆ. ಹಾಗಾಗಿ ನಿಮ್ಮ ಬ್ಯಾಚಿನವರಿಗೆ ಉಳಿದಿರುವ ಗುರುತು ಅಂದರೆ ನೀವು ನೀವೇ. ಶಾಲೆಯಿಂದ ನಿಮ್ಮ ಮನೆಗೆ ಹೋಗುವ ದಾರಿಯಲ್ಲಿ ಏನೇನಿತ್ತು ಅನ್ನುವುದು ನಿಮಗೂ ಆ ಗೆಳತಿಗೂ ಮಾತ್ರ ಗೊತ್ತಿರುವ ಸಂಗತಿ ಇದ್ದೀತು. ಇಬ್ಬರೂ ಮಾತು ಬಿಟ್ಟಿದ್ದರೆ ಅದು ಎಲ್ಲಿ ಉಳಿಯಬೇಕು?

ಇದಕ್ಕಾಗಿ ಒಂದು ಕೆಲಸ ಮಾಡಿ, ಇವತ್ತೇ. ಗ್ರೂಪಿನ ಮೆಸೇಜುಗಳನ್ನು ಎರಡು ದಿನ ನೋಡಬೇಡಿ. ಅಂಗಡಿಯ ಅಳತೆ ಪುಸ್ತಕದ ಕೊನೆಯ ಹಾಳೆಯಲ್ಲಾದರೂ ಸರಿ, ನಿಮಗೆ ನೆನಪಿರುವುದನ್ನು ನೀವೇ ಬರೆಯಿರಿ. ಶಾಲೆಯ ಗಂಟೆ ಎಲ್ಲಿ ತೂಗುಹಾಕಿದ್ದರು? ನೀರು ಎಲ್ಲಿ ಕುಡಿಯುತ್ತಿದ್ದಿರಿ? ಹೋಳಿ ಬಂದಾಗ ಕಿಲ್ಲಾ, ಹಳಪೇಟೆ, ಹೊಸಪೇಟೆ, ಜೈನಪೇಟೆ, ವೆಂಕಟಪೇಟೆಯ ಹಲಗಿ ಸದ್ದಿಗೆ ಪರೀಕ್ಷೆ ಓದು ಏನಾಗುತ್ತಿತ್ತು? ಬಾಗಲಕೋಟೆಯಲ್ಲಿ ಹೋಳಿ ದಿನಗಟ್ಟಲೆ ನಡೆಯುತ್ತದೆ, ಎಸ್ಸೆಸ್ಸೆಲ್ಸಿಯೂ ಅದರ ಬೆನ್ನಿಗೇ ಬರುತ್ತದೆ. ಆ ಸಂಕಟ ನಿಮ್ಮೂರಿನ ಮಕ್ಕಳಿಗಷ್ಟೇ ಗೊತ್ತು!

ಮೊದಲೇ ಬರೆಯಿರಿ ಅನ್ನುವುದಕ್ಕೆ ಕಾರಣವಿದೆ. ಹತ್ತು ಜನ ಕೂಡಿ ಕುಳಿತು ನೆನಪಿಸಿಕೊಂಡರೆ ಹೊರಬರುವುದು ಕಡಿಮೆ. ಅದೇ ಹತ್ತು ಜನ ಒಬ್ಬೊಬ್ಬರೇ ಬರೆದು, ಆಮೇಲೆ ಒಟ್ಟುಗೂಡಿಸಿದರೆ ಸಿಗುವುದು ಜಾಸ್ತಿ. ನೆನಪಿನ ಮೇಲೆ ಕೆಲಸ ಮಾಡುವವರು ಇದನ್ನು ಮತ್ತೆ ಮತ್ತೆ ಕಂಡಿದ್ದಾರೆ. ಒಬ್ಬ ಜೋರಾಗಿ ಹೇಳಲು ಶುರುಮಾಡಿದರೆ ಉಳಿದವರ ಎಳೆ ತಪ್ಪುತ್ತದೆ. ಸ್ವಲ್ಪ ಹೊತ್ತಿಗೆ ಅವನು ಹೇಳಿದ್ದೇ ಎಲ್ಲರ ನೆನಪಾಗುತ್ತದೆ. ಸಮ್ಮಿಲನಗಳಲ್ಲಿ ಜೋರು ದನಿ ಯಾರದು ಅಂತ ನಿಮಗೆ ಗೊತ್ತು. ಹಿಂದಿನ ಬೆಂಚಿನ ಹುಡುಗರ ಕಿತಾಪತಿ, ಸರ್‌ಗಿಟ್ಟ ಅಡ್ಡಹೆಸರು, ಹೊಡೆತ ತಿಂದ ಕಥೆ. ಹುಡುಗಿಯರು ಕಂಡ ಶಾಲೆ ಬೇರೆಯೇ ಇತ್ತು. ಅದನ್ನು ಹೇಳುವವರು ಬೇಕು.

ಈಗ ಗೆಳತಿ. ಇದರ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ನೀವು ಆಗ 16 ವರ್ಷದ ಹುಡುಗಿ. ರಿಸಲ್ಟ್ ದಿನ ಇಡೀ ಓಣಿ 'ಏನಾತು' ಅಂತ ಕೇಳುವ ಕಾಲ. ನಿಮಗೆ ಅವಳ ಮೇಲೆ ಸಿಟ್ಟಿರಲಿಲ್ಲ. ಮುಖ ತೋರಿಸಲು ಆಗಲಿಲ್ಲ, ಅಷ್ಟೇ. ಆದರೆ ಬಾಗಿಲಾಚೆ ನಿಂತವಳಿಗೆ ಅದು ಗೊತ್ತಾಗುವುದು ಹೇಗೆ? 'ನಾನು ಪಾಸಾಗಿದ್ದಕ್ಕೆ ಇವಳಿಗೆ ಹೊಟ್ಟೆಕಿಚ್ಚು' ಅಂತಲೋ, 'ನಾನೇನು ತಪ್ಪು ಮಾಡಿದೆ' ಅಂತಲೋ ಅವಳು ಅಂದುಕೊಂಡಿರಬಹುದು. ಎರಡು ಸಲ ಬಂದಳು ಅಂದರೆ ಅವಳಿಗೂ ನೀವು ಬೇಕಾಗಿದ್ದಿರಿ. ಈ ಒಂದು ಸಂಗತಿ ಅವಳಿಗೆ ತಿಳಿಯಬೇಕು, ನಿಮ್ಮ ಬಾಯಿಂದಲೇ.

ಹಳೇ ಗೆಳತಿಗೆ ಮೆಸೇಜ್ ಮಾಡಲು ಕೈ ನಡುಗುವುದು ನಿಮ್ಮೊಬ್ಬರಿಗೇ ಅಲ್ಲ. 2024ರಲ್ಲಿ ಬಂದ ಒಂದು ಅಧ್ಯಯನದಲ್ಲಿ, ದೂರವಾದ ಗೆಳೆಯರನ್ನು ಮತ್ತೆ ಮಾತಾಡಿಸಬೇಕು ಅಂತ ಆಸೆ ಇದ್ದವರನ್ನೇ ಕೂರಿಸಿದರು. ಅವರ ಹತ್ತಿರ ನಂಬರ್ ಇತ್ತು, ಸಮಯ ಇತ್ತು. ಆದರೂ ಮೆಸೇಜ್ ಕಳಿಸಿದವರು ಮೂರರಲ್ಲಿ ಒಂದು ಭಾಗದಷ್ಟೇ. ಆಮೇಲೆ ಒಂದು ಸಣ್ಣ ಉಪಾಯ ಮಾಡಿದರು. ಮೊದಲು ಕೆಲವು ನಿಮಿಷ ಈಗಿನ ಗೆಳೆಯರಿಗೆ, ಪರಿಚಯದವರಿಗೆ ಮೆಸೇಜ್ ಕಳಿಸಿ, ಆಮೇಲೆ ಹಳಬರಿಗೆ ಬರೆಯಿರಿ ಅಂದರು. ಆಗ ಅರ್ಧಕ್ಕಿಂತ ಜಾಸ್ತಿ ಜನ ಕಳಿಸಿದರು. ನೀವೂ ಹಾಗೇ ಮಾಡಿ. ಸಂಜೆ ಅಂಗಡಿ ಮುಚ್ಚಿದ ಮೇಲೆ ತಂಗಿಗೊಂದು, ಪಕ್ಕದ ಮನೆಯವರಿಗೊಂದು, ಖಾಯಂ ಗಿರಾಕಿಗೊಂದು ಮೆಸೇಜ್ ಹಾಕಿ. ಅದೇ ಓಟದಲ್ಲಿ ಅವಳಿಗೂ ಹಾಕಿಬಿಡಿ. ಇನ್ನೊಂದು ಸಂಶೋಧನೆಯೂ ಇದೆ, 2022ರದ್ದು. ಹೀಗೆ ಅನಿರೀಕ್ಷಿತವಾಗಿ ನೆನಪು ಮಾಡಿಕೊಂಡಾಗ ಪಡೆದವರಿಗೆ ಆಗುವ ಸಂತೋಷ, ಕಳಿಸುವವರು ಅಂದಾಜು ಮಾಡಿದ್ದಕ್ಕಿಂತ ಜಾಸ್ತಿ ಇರುತ್ತದೆ ಅಂತ ಅದರಲ್ಲಿ ಕಂಡುಬಂತು.

ಗ್ರೂಪಿನಲ್ಲಿ ಹಾಕಬೇಡಿ, ಅವಳ ನಂಬರಿಗೇ ಕಳಿಸಿ. ಉದ್ದ ಬೇಡ. ಹೀಗೆ ಸಾಕು: 'ನಾನು ನಿನ್ನ ಬೆಂಚಿನವಳು. ರಿಸಲ್ಟ್ ಆದಮೇಲೆ ನೀನು ಮನೆಗೆ ಬಂದಾಗ ನಾನು ಒಳಗೇ ಇದ್ದೆ. ನಾಚಿಕೆಗೆ ಹೊರಗೆ ಬರಲಿಲ್ಲ. ನಿನ್ನ ತಪ್ಪು ಏನೂ ಇರಲಿಲ್ಲ. ಸಮ್ಮಿಲನಕ್ಕೆ ಬರೋಣ ಅಂತಿದ್ದೇನೆ. ನೀನು ಬರುತ್ತೀಯಾ?' ಬಾಗಿಲ ಹಿಂದೆ ನಿಂತ ಕಾರಣ ಹೇಳಬೇಕು, ಅದೇ ಮುಖ್ಯ. 'ಹಾಯ್, ಹೇಗಿದ್ದೀಯ' ಅಂತ ಮಾತ್ರ ಕಳಿಸಿದರೆ ಅವಳೂ 'ಆರಾಮ' ಅಂತ ಬರೆದು ಸುಮ್ಮನಾದಾಳು. ಉತ್ತರ ತಡವಾದರೆ ಎದೆಗುಂದಬೇಡಿ. ಅವಳಿಗೂ ಕೂತು ಜೀರ್ಣಿಸಿಕೊಳ್ಳಲು ಸಮಯ ಬೇಕು. ಉತ್ತರವೇ ಬರದಿದ್ದರೆ ನೋವಾಗುತ್ತದೆ, ಇಲ್ಲ ಅನ್ನಲಾರೆ. ಆಗಲೂ ಹೇಳಬೇಕಾದದ್ದನ್ನು ಹೇಳಿದ್ದೀರಿ.

ಗಣಿತದ ಸರ್ ಬಗ್ಗೆ ಕೇಳಿದ್ದೀರಿ. ಅವರಿಗೆ ಈಗ ಎಪ್ಪತ್ತೈದು, ಎಂಬತ್ತು ವಯಸ್ಸು ಇರಬಹುದು. ಸಾವಿರಾರು ಮಕ್ಕಳನ್ನು ನೋಡಿದವರು. 'ನೀ ಯಾರವ್ವಾ?' ಅಂತ ಕೇಳಿದರೆ ಬೇಜಾರಾಗಬೇಡಿ. ಕಾಲು ಮುಟ್ಟಿ ನಮಸ್ಕಾರ ಮಾಡಿ, ಹೆಸರು ಹೇಳಿ. ನಪಾಸಾದ ವಿಷಯ ಎತ್ತಲೇಬೇಕಂತ ಇಲ್ಲ. ಎತ್ತಬೇಕು ಅನಿಸಿದರೆ ನೇರ ಹೇಳಿ: 'ಸರ್, ನಿಮ್ಮ ವಿಷಯದಾಗ ನಪಾಸಾಗಿದ್ದೆ. ಈಗ ಹೊಲಿಗೆ ಅಂಗಡಿ ನಡೆಸ್ತೀನಿ.' ಎದೆ, ಸೊಂಟ, ತೋಳಿನ ಅಳತೆ ತೆಗೆದು, ಎಷ್ಟು ಬಟ್ಟೆ ಬೇಕು ಅಂತ ಮನಸ್ಸಿನಲ್ಲೇ ಲೆಕ್ಕ ಹಾಕಿ, ಒಂದು ಇಂಚೂ ದಂಡ ಮಾಡದೆ ಗುಳೇದಗುಡ್ಡದ ಖಣದಲ್ಲಿ ಕುಪ್ಪಸ ಕತ್ತರಿಸುವವರು ನೀವು. ಬಟ್ಟೆ ಅಗಲ ಕಡಿಮೆ ಇದ್ದರೆ ತೋಳಿನ ತುಂಡು ಎಲ್ಲಿ ಕೂರಿಸಬೇಕು ಅನ್ನುವುದು ರೇಖಾಗಣಿತವೇ. ಇದನ್ನು ಸಮಾಧಾನಕ್ಕೆ ಹೇಳುತ್ತಿಲ್ಲ. ಒಳ್ಳೆಯ ಗಣಿತದ ಮೇಷ್ಟ್ರಿಗೆ ಇದನ್ನು ಕೇಳಿದರೆ ನಿಜಕ್ಕೂ ಖುಷಿಯಾಗುತ್ತದೆ.

'ಏನು ಮಾಡ್ತಿದ್ದೀ' ಅಂತ ಬೇರೆಯವರು ಕೇಳಿದಾಗಲೂ ಇಷ್ಟೇ. 'ಸುಮ್ನೆ ಮನೆಯಲ್ಲೇ ಒಂದು ಅಂಗಡಿ' ಅನ್ನಬೇಡಿ. ಅಂಗಡಿ ಇದೆ, ಇಬ್ಬರಿಗೆ ಕೆಲಸ ಕೊಟ್ಟಿದ್ದೇನೆ ಅನ್ನಿ. ಆಮೇಲೆ ತಕ್ಷಣ ಅವರನ್ನೇ ಒಂದು ಪ್ರಶ್ನೆ ಕೇಳಿ. ಜನಕ್ಕೆ ತಮ್ಮ ಬಗ್ಗೆ ಹೇಳಿಕೊಳ್ಳುವ ಆಸೆಯೇ ಜಾಸ್ತಿ.

ವಂತಿಗೆ, ಒಂದೇ ಬಣ್ಣದ ಸೀರೆ ಇಂಥದ್ದೇನಾದರೂ ಇದ್ದು ಕಷ್ಟವಾದರೆ ಅಡ್ಮಿನ್‌ಗೆ ಬೇರೆಯಾಗಿ ಹೇಳಿ. ಸಾಲ ಮಾಡಿ ಸೀರೆ ತರಬೇಡಿ. ನಿಮ್ಮ ಹತ್ತಿರ ಒಂದು ಇಳಕಲ್ ಸೀರೆ ಇದ್ದೇ ಇರುತ್ತದೆ.

ಈ ಪತ್ರ ಓದುವ ಬೇರೆಯವರಿಗೆ ಒಂದು ಮಾತು. ಎಲ್ಲರಿಗೂ ನಾನು 'ಹೋಗಿ' ಅನ್ನುವುದಿಲ್ಲ. ಶಾಲೆಯಲ್ಲಿ ಜಾತಿ ಹೆಸರಿನಲ್ಲಿ ದೂರ ಕೂರಿಸಿದ್ದರೆ, ಯಾರೋ ಮೈಮೇಲೆ ಕೈ ಹಾಕಿದ್ದರೆ, ದಿನವೂ ಹೀಯಾಳಿಸಿದ್ದರೆ, ಹಾಗೆ ಮಾಡಿದವರನ್ನೇ ವೇದಿಕೆಯಲ್ಲಿ ಶಾಲು ಹೊದಿಸಿ ಕೂರಿಸಿದಾಗ ಚಪ್ಪಾಳೆ ತಟ್ಟುವ ಹಂಗು ನಿಮಗಿಲ್ಲ. ಹೋಗದೇ ಇರುವುದೂ ಸರಿಯಾದ ನಿರ್ಧಾರವೇ. ವಿಜಯಪುರದ ನಮ್ಮ ಓದುಗರ ಪತ್ರದಲ್ಲಿ ಅಂಥದ್ದು ಯಾವುದೂ ಇಲ್ಲ. ಅವರಿಗೆ ಹೋಗುವ ಮನಸ್ಸಿದೆ, ಧೈರ್ಯ ಸಾಲುತ್ತಿಲ್ಲ, ಅಷ್ಟೇ.

ಸಮ್ಮಿಲನ ಮಾಡುವವರೂ ದಯವಿಟ್ಟು ಕೇಳಿಸಿಕೊಳ್ಳಿ. ಪಾಸಾದವರ ಪಟ್ಟಿ ಹಿಡಿದು ಕರೆಯಬೇಡಿ. ಶಾಲೆಯ ಹಾಜರಿ ಪುಸ್ತಕ ನೋಡಲು ಅನುಮತಿ ಕೇಳಿ. ಎಂಟನೇ ಇಯತ್ತೆಯಿಂದ ನಿಮ್ಮ ಜೊತೆ ಕೂತವರೆಲ್ಲ ನಿಮ್ಮ ಬ್ಯಾಚಿನವರೇ. ಹೆಣ್ಣುಮಕ್ಕಳನ್ನು ಹುಡುಕಲು ಅವರ ಅಣ್ಣ ತಮ್ಮಂದಿರನ್ನು ಹಿಡಿಯಿರಿ. ಪರಿಚಯದ ಹೊತ್ತಿನಲ್ಲಿ ಹುದ್ದೆ ಹೇಳಿಸಬೇಡಿ. ಶಾಲೆಯಲ್ಲಿದ್ದ ಹೆಸರು, ಆಗ ಮನೆ ಇದ್ದ ಓಣಿ, ಪಕ್ಕದಲ್ಲಿ ಕೂರುತ್ತಿದ್ದವರ ಹೆಸರು, ಈ ಮೂರು ಸಾಕು. ಹಳೇ ಬಾಗಲಕೋಟೆಯವರಿಗಂತೂ ಇದರಿಂದ ಮುಳುಗಿದ ಓಣಿಗಳದ್ದೊಂದು ಪಟ್ಟಿಯೇ ಸಿಗುತ್ತದೆ. ಒಬ್ಬರು ಕೂತು ಬರೆದುಕೊಳ್ಳಿ. ಮತ್ತೆ, ಸನ್ಮಾನದ ಭಾಷಣಗಳನ್ನು ಊಟಕ್ಕೆ ಮುಂಚೆಯೇ ಮುಗಿಸಿ. ರೊಟ್ಟಿ, ಎಣ್ಣೆಗಾಯಿ ಬಡಿಸಿದ ಮೇಲೆ ಜನ ನಿಜವಾಗಿ ಮಾತಾಡಲು ಶುರುಮಾಡುತ್ತಾರೆ. ಆ ಹೊತ್ತಿಗೆ ಮೈಕ್ ಬಂದ್ ಇರಲಿ.

ಇನ್ನು ನೀವು ಹೊರಡುವ ವಿಚಾರ. ವಿಜಯಪುರದಿಂದ ಬೆಳಗಿನ ಬಸ್ಸಿಗೇ ಹೊರಡಿ. ಗೆಳತಿ ಒಪ್ಪಿದರೆ ಹಾಲ್‌ಗೆ ಹೋಗುವ ಮೊದಲು ಇಬ್ಬರೇ ಎಲ್ಲಾದರೂ ಕೂತು ಒಂದು ಚಹಾ ಕುಡಿಯಿರಿ. 35 ವರ್ಷದ ಮಾತನ್ನು ನೂರು ಜನರ ನಡುವೆ ಶುರುಮಾಡಲು ಆಗುವುದಿಲ್ಲ. ಅವಳು ಬರದಿದ್ದರೂ ನೀವು ಹೋಗಿ. ಊಟದವರೆಗೆ ಇದ್ದು ನೋಡಿ, ಮನಸ್ಸು ಕೂರದಿದ್ದರೆ ಸರ್‌ಗೆ ನಮಸ್ಕಾರ ಹೇಳಿ ಮಧ್ಯಾಹ್ನದ ಬಸ್ ಹಿಡಿಯಿರಿ. ಯಾರಿಗೂ ಕಾರಣ ಕೊಡಬೇಕಾಗಿಲ್ಲ. ಕಾರ್ಯಕ್ರಮ ಮುಗಿದು ಒಂದಷ್ಟು ವಾರಕ್ಕೆ ಗ್ರೂಪಿನಲ್ಲಿ ಗುಡ್ ಮಾರ್ನಿಂಗ್ ಮೆಸೇಜ್ ಮಾತ್ರ ಉಳಿಯುತ್ತದೆ. ಅದನ್ನು ಮ್ಯೂಟ್ ಮಾಡಿದರೂ ನಡೆಯುತ್ತದೆ. ಆದರೆ ಅಲ್ಲಿ ಯಾರ ಜೊತೆ ಮಾತಾಡಿ ಮನಸ್ಸಿಗೆ ಹಿತ ಅನಿಸಿತೋ ಅಂಥ ಒಬ್ಬಿಬ್ಬರ ನಂಬರ್ ಮಾತ್ರ ಅಲ್ಲೇ ಸೇವ್ ಮಾಡಿಕೊಂಡು ಬನ್ನಿ.